ಇಲ್ಲಿ ರಾಜಕೀಯ ಮಾತನಾಡಬಾರದು

ಹುಡುಗನಾಗಿದ್ದಾಗ ಸಾಗರದ ಪೇಟೆಯಲ್ಲಿ ನಾನು ತಲೆ ಒಪ್ಪಿಸುತ್ತಿದ್ದ ಕ್ಷೌರದ ಅಂಗಡಿಯ ಗೋಡೆಗೆ ಎರಡು ಬೋರ್ಡುಗಳಿದ್ದವು. ‘ಸಾಲ ಕೇಳಬೇಡಿ’ ಎಂಬುದು ಒಂದು, ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬುದು ಇನ್ನೊಂದು. ಮೊದಲನೆಯದನ್ನು ಜನ ಮುಲಾಜಿಗಾದರೂ ಪಾಲಿಸುತ್ತಿದ್ದರು. ಎರಡನೆಯದರ ಕೆಳಗೇ ಬೆಂಚು ಹಾಕಿತ್ತು. ಸರದಿಗೆ ಕಾದವರು ಅಲ್ಲಿ ಕೂತು ಬೆಂಗಳೂರಿನ ಸರ್ಕಾರವನ್ನು ಬೀಳಿಸಿ, ದಿಲ್ಲಿಯದನ್ನು ಅಲ್ಲಾಡಿಸಿ, ಪುರಸಭೆಗೆ ಹೊಸ ಅಧ್ಯಕ್ಷರನ್ನು ಕೂರಿಸಿ ಏಳುತ್ತಿದ್ದರು. ಎದ್ದು ಕುರ್ಚಿಗೆ ಹೋದರೋ, ಬಾಯಿ ಬಂದ್. ಕತ್ತಿ ಗಂಟಲ ಮೇಲಿರುವಾಗ ಕತ್ತಿ ಹಿಡಿದವನ ಪಕ್ಷವೇ ನಮ್ಮ ಪಕ್ಷ. ‘ನಾ ಹೇಳೋದು ಹೌದೋ ಅಲ್ವೋ?’ ಎಂದು ಆತ ಕೇಳಿದರೆ ನೊರೆ ತುಂಬಿದ ಮುಖದೊಳಗಿಂದ ‘ಹೂಂ’ ಎನ್ನುವುದಷ್ಟೇ ನಮಗೆ ಉಳಿದದ್ದು. ಸಂವಿಧಾನದ 19ನೇ ವಿಧಿಯನ್ನು ನಾನು ಕಾಲೇಜಿನಲ್ಲಿ ಓದಿದ್ದು ಎಷ್ಟೋ ವರ್ಷಗಳ ಮೇಲೆ. ವಾಕ್ ಸ್ವಾತಂತ್ರ್ಯ ಕೊಡುವ 19(1)(ಎ) ಬೆಂಚಿನ ಮೇಲಿರುತ್ತದೆ, ಅದಕ್ಕೆ ‘ಸಮಂಜಸ ನಿರ್ಬಂಧ’ ಹಾಕುವ 19(2) ಕುರ್ಚಿಯಲ್ಲಿರುತ್ತದೆ ಎಂಬುದು ಮಾತ್ರ ಆಗಲೇ ಗೊತ್ತಿತ್ತು.

ಮೊನ್ನೆ ಹೋದಾಗ ನೋಡಿದೆ. ಬೋರ್ಡು ಹಾಗೇ ಇದೆ. ಬೆಂಚಿನ ಮೇಲಿದ್ದವರೆಲ್ಲ ಫೋನಿಗೆ ಬಗ್ಗಿ ಹೆಬ್ಬೆರಳಿನಲ್ಲೇ ಸರ್ಕಾರ ಬೀಳಿಸುತ್ತಿದ್ದರು. ಯಾರ ಬಾಯಿಂದಲೂ ಒಂದು ಮಾತಿಲ್ಲ. ಬರೆಸಿದ ಮೇಲೆ ಆ ಬೋರ್ಡು ಪಾಲನೆಯಾದದ್ದು ಬಹುಶಃ ಇದೇ ಮೊದಲು.

ಮಾತು ಊರು ದಾಟಬೇಕಾದರೆ ಆಗ ನಮಗಿದ್ದ ದಾರಿ ಹದಿನೈದು ಪೈಸೆಯ ಅಂಚೆ ಕಾರ್ಡು. ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆಯುವವರು ಊರಿಗೆ ಒಬ್ಬಿಬ್ಬರು ಇರುತ್ತಿದ್ದರು. ನಮ್ಮ ಕಡೆ ಆ ಹುದ್ದೆ ನನ್ನದು. ಬಸ್ ನಿಲ್ದಾಣದ ಮೂತ್ರಾಲಯದ ದುಃಸ್ಥಿತಿಯ ಬಗ್ಗೆ ಕಾರ್ಡಿನ ಒಂದು ಬದಿ ತುಂಬಿಸಿ, ಸಾಲದೆ ವಿಳಾಸದ ಸುತ್ತಲೂ ಬರೆದು ಕಳಿಸಿದೆ. ತಿಂಗಳ ಮೇಲೆ ಅಚ್ಚಾಯಿತು. ಮೂರು ಸಾಲು. ನನ್ನ ವ್ಯಂಗ್ಯ, ಉಪಮೆ, ಪುರಸಭೆಗೆ ಹಾಕಿದ ಶಾಪ ಎಲ್ಲವೂ ಕತ್ತರಿಗೆ ಹೋಗಿ, ಕೊನೆಯಲ್ಲಿ ‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’ ಎಂದಿತ್ತು. ಆ ಸಾಲನ್ನು ನಾನು ಬರೆದೇ ಇರಲಿಲ್ಲ. ಆದರೂ ಆ ಕತ್ತರಿಯ ಹಿಂದೆ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದು ಗೊತ್ತಾಗುತ್ತಿತ್ತು. ಕತೆ ಕಳಿಸಿದರೆ, ಜೊತೆಗೆ ಅಂಚೆ ಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇಟ್ಟಿದ್ದರೆ, ವಿಷಾದ ಪತ್ರವೂ ಬರುತ್ತಿತ್ತು. ನಮ್ಮ ವಾಕ್ ಸ್ವಾತಂತ್ರ್ಯಕ್ಕೆ ಜಾಗ ಕೊಡದವರು ಅದಕ್ಕಾಗಿ ಅಚ್ಚು ಹಾಕಿಸಿ ವಿಷಾದಪಡುತ್ತಿದ್ದ ಕಾಲ ಅದು.

ಹೆಸರು ಹಾಕುವ ಧೈರ್ಯವಿಲ್ಲದವರಿಗೆ ಮೂಗರ್ಜಿ ಇತ್ತು. ತಹಶೀಲ್ದಾರರಿಗೆ, ಅರಣ್ಯ ಇಲಾಖೆಗೆ, ಶಾಲೆಯ ಮೇಷ್ಟ್ರ ಮೇಲೆ ಶಿಕ್ಷಣ ಇಲಾಖೆಗೆ. ಬರೆದವನು ಎಡಗೈಯಲ್ಲಿ ಬರೆದು, ‘ನೊಂದ ನಾಗರಿಕ’ ಎಂದು ಸಹಿ ಮಾಡಿ, ಬಸ್ಸು ಹತ್ತಿ ಹೋಗಿ ಬೇರೆ ಊರಿನ ಡಬ್ಬಿಗೆ ಹಾಕಿ ಬರುತ್ತಿದ್ದ. ವಾರದೊಳಗೆ ಊರಿಗೆಲ್ಲ ಗೊತ್ತು. ಅಲ್ಪಪ್ರಾಣ ಇರಬೇಕಾದಲ್ಲೆಲ್ಲ ಮಹಾಪ್ರಾಣ ತುಂಬುವವನು ಊರಿನಲ್ಲಿ ಒಬ್ಬನೇ ಇದ್ದ! ಅವನನ್ನು ಯಾರೂ ಏನೂ ಕೇಳಲಿಲ್ಲ. ಮುಂದಿನ ಮದುವೆಯ ಊಟದಲ್ಲಿ ಮೇಷ್ಟ್ರ ಪಕ್ಕದ ಎಲೆಗೇ ಕೂರಿಸಿದರು. ಮೇಷ್ಟ್ರು ‘ಇನ್ನೊಂದು ಸೌಟು ಪಾಯಸ ಹಾಕ್ರೋ ಇವರಿಗೆ’ ಎಂದರು. ಪಂಕ್ತಿ ಏಳುವ ಹೊತ್ತಿಗೆ ವಿಚಾರಣೆಯೂ ಶಿಕ್ಷೆಯೂ ಮುಗಿದಿದ್ದವು.

ಆ ಬಡಪಾಯಿ ಕಾರ್ಡಿನ ಮೇಲೂ ಒಂದು ಕಾನೂನು ಕಣ್ಣಿಟ್ಟಿತ್ತು ಎಂದು ನನಗೆ ತಿಳಿದದ್ದು ತೀರಾ ಈಚೆಗೆ. 1898ರ ಅಂಚೆ ಕಾಯಿದೆಯ 20ನೇ ಸೆಕ್ಷನ್ನು, ಅಶ್ಲೀಲವಾದ, ರಾಜದ್ರೋಹದ, ಬೆದರಿಕೆಯ ಅಥವಾ ‘ಅತೀವ ಆಕ್ಷೇಪಾರ್ಹ’ವಾದ ಮಾತನ್ನು ಮೇಲೆ ಕಾಣುವಂತೆ ಬರೆದು ಕಳಿಸಬಾರದು ಎನ್ನುತ್ತಿತ್ತು. ವಿಕ್ಟೋರಿಯಾ ರಾಣಿಯ ಕಾಲದ ಆ ಕಾಯಿದೆ 2024ರ ಜೂನ್‌ವರೆಗೆ ಬದುಕಿತ್ತು. ಅಂಚೆಯವ ಓದಿಬಿಟ್ಟಾನು ಎಂಬ ಭಯದ ಕಾರ್ಡಿಗೆ ಇಂಥ ಕಾನೂನು ಇದ್ದದ್ದನ್ನು ಒಪ್ಪಬಹುದು. ಆದರೆ ಅದೇ ‘ಅತೀವ ಆಕ್ಷೇಪಾರ್ಹ’ ಎಂಬ ಮಾತು ಅಂತರ್ಜಾಲಕ್ಕೂ ಬಂದು ಕೂತಿತು. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ತಿದ್ದುಪಡಿ ಮಾಡಿ, 2009ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದ 66ಎ ಸೆಕ್ಷನ್ ಅದು. ಕಂಪ್ಯೂಟರಿನಿಂದಲೋ ಫೋನಿನಿಂದಲೋ ಅತೀವ ಆಕ್ಷೇಪಾರ್ಹವಾದದ್ದನ್ನು ಕಳಿಸಿದರೆ, ಕಿರಿಕಿರಿ ಅಥವಾ ಅನಾನುಕೂಲ ಮಾಡಲೆಂದೇ ಇ-ಮೇಲ್ ಕಳಿಸಿದರೆ, ಮೂರು ವರ್ಷದವರೆಗೆ ಜೈಲು. ಆಕ್ಷೇಪ ಯಾರದು, ಕಿರಿಕಿರಿ ಎಷ್ಟು ಎಂಬುದಕ್ಕೆ ಅಳತೆ ಇಲ್ಲ. ಕಿರಿಕಿರಿಗೆ ಮೂರು ವರ್ಷವೆಂದರೆ ನಮ್ಮ ಕುಟುಂಬದವರಿಗೆಲ್ಲ ಪರಪ್ಪನ ಅಗ್ರಹಾರದಲ್ಲಿ ಒಂದು ಇಡೀ ಸಾಲು ಕೊಠಡಿ ಬೇಕಾಗುತ್ತಿತ್ತು. ಭಾವನೊಬ್ಬನಿಗೇ ಎರಡು.

2012 ಈ ಸೆಕ್ಷನ್ನಿನ ಸುಗ್ಗಿಯ ವರ್ಷ. ಏಪ್ರಿಲ್‌ನಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು ಹಿಡಿದರು. ಸತ್ಯಜಿತ್ ರಾಯ್ ಅವರ ‘ಸೋನಾರ್ ಕೆಲ್ಲಾ’ ಸಿನಿಮಾದ ಮಾತನ್ನು ಇಟ್ಟುಕೊಂಡು ಮಮತಾ ಬ್ಯಾನರ್ಜಿಯವರನ್ನು ಚುಡಾಯಿಸುವ ಚಿತ್ರವೊಂದನ್ನು ಅವರು ಪರಿಚಿತರಿಗೆ ಇ-ಮೇಲ್‌ನಲ್ಲಿ ದಾಟಿಸಿದ್ದರು. ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್. ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಯಾಕೆ ಬಂದ್ ಆಗಬೇಕು ಎಂದು ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಕೇಳಿದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಬರೆದವಳ ಚಿಕ್ಕಪ್ಪನ ಆಸ್ಪತ್ರೆಗೆ ನುಗ್ಗಿ ಗುಂಪು ಪುಡಿಗಟ್ಟಿತು. ಹೆಬ್ಬೆರಳು ಮೇಲೆತ್ತಿದ್ದಕ್ಕೆ ಠಾಣೆ ಎಂದು ಗೊತ್ತಾದ ಮೇಲೆ ನಮ್ಮ ಭಾವ ಸ್ವಲ್ಪ ದಿನ ಎಲ್ಲದಕ್ಕೂ ಬರೀ ಕೈ ಮುಗಿಯುವ ಚಿತ್ರ ಕಳಿಸುತ್ತಿದ್ದ. ಕೈ ಮುಗಿದವನನ್ನು ಯಾರೂ ಹಿಡಿಯುವುದಿಲ್ಲ ಎಂಬುದು ಅವನ ಲೆಕ್ಕ.

ನಗುವಂತಿಲ್ಲ, ಯಾಕೆಂದರೆ ಅದೇ ವರ್ಷದ ಆಗಸ್ಟ್‌ನಲ್ಲಿ ನಾನು ಬೆಂಗಳೂರಿನಲ್ಲಿದ್ದೆ. ಅಸ್ಸಾಮಿನ ಕೋಕ್ರಝಾರ್ ಕಡೆ ಗಲಭೆಯಾಗಿತ್ತು. ರಂಜಾನ್ ಮುಗಿಯುತ್ತಲೇ ಈಶಾನ್ಯದವರ ಮೇಲೆ ಇಲ್ಲಿ ಸೇಡು ತೀರಿಸುತ್ತಾರೆ ಎಂದು ಫೋನಿನಿಂದ ಫೋನಿಗೆ ಸುದ್ದಿ ಹಬ್ಬಿತು. ಮೂರೇ ದಿನದಲ್ಲಿ ಸಾವಿರಾರು ಜನ ಮೆಜೆಸ್ಟಿಕ್ಕಿನ ರೈಲು ನಿಲ್ದಾಣಕ್ಕೆ ಬಂದು ಬಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ನಮ್ಮ ಬೀದಿಯ ಬ್ಯೂಟಿ ಪಾರ್ಲರಿನ ಹುಡುಗಿಯರು ಬೀಗದ ಕೈಯನ್ನು ಎದುರಿನ ಅಂಗಡಿಯಲ್ಲಿ ಕೊಟ್ಟು ಹೋದರು. ಕಾವಲಿನ ಹುಡುಗ ಯಾರಿಗೂ ಹೇಳದೆ ಹೋದ. ‘ಏನೂ ಆಗಲ್ಲ, ಇರೋ’ ಎಂದು ಹೇಳೋಣವೆಂದು ಇಳಿದು ಹೋದರೆ ಕುರ್ಚಿಯ ಮೇಲೆ ಅವನ ಟೋಪಿ ಮಾತ್ರ ಇತ್ತು. ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಅಷ್ಟರಲ್ಲಿ ಒಂದು ಊರು ಖಾಲಿಯಾಗುವುದನ್ನು ನಾನು ಕಣ್ಣಾರೆ ಕಂಡೆ. ಕೇಂದ್ರ ಸರ್ಕಾರ ಹದಿನೈದು ದಿನ ಸಗಟು ಎಸ್ಸೆಮ್ಮೆಸ್ಸಿಗೆ ತಡೆ ಹಾಕಿ ಐದರ ಮಿತಿ ಇಟ್ಟಿತು, ಆಮೇಲೆ ಇಪ್ಪತ್ತಕ್ಕೆ ಏರಿಸಿತು. ಐದು ಸಾಕಾಗದೆ ಒದ್ದಾಡಿದವರು ಅನೇಕರು. ನನ್ನ ಮಟ್ಟಿಗೆ, ಸರ್ಕಾರವೊಂದು ಮಾತಿಗೆ ಹಾಕಿದ ಮಿತಿ ಸರಿ ಎನ್ನಿಸಿದ್ದು ಆ ಹದಿನೈದು ದಿನ.

ಹಾಗಾದರೆ ಟೋಪಿ ಬಿಟ್ಟು ಓಡಿದ ಹುಡುಗನಿಗೂ ಲೈಕ್ ಒತ್ತಿದ ಹುಡುಗಿಗೂ ಒಂದೇ ಕಾನೂನು ಹೇಗೆ ಸರಿಹೋದೀತು? ದಿಲ್ಲಿಯ ಯುವತಿ ಶ್ರೇಯಾ ಸಿಂಘಾಲ್ ಪಾಲ್ಘರ್ ಪ್ರಕರಣದ ಬೆನ್ನಿಗೇ ಸುಪ್ರೀಂ ಕೋರ್ಟಿಗೆ ಹೋದದ್ದು ಇಂಥ ಪ್ರಶ್ನೆ ಹಿಡಿದು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚಲಮೇಶ್ವರ್ ಮತ್ತು ನಾರಿಮನ್ ಅವರ ಪೀಠ 66ಎ ಸೆಕ್ಷನ್ನನ್ನು ಇಡಿಯಾಗಿ ಕಿತ್ತು ಹಾಕಿತು. ಮಾತಿಗೆ ಮೂರು ಮೆಟ್ಟಿಲು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡರಲ್ಲಿ ಎಷ್ಟೇ ಕಹಿ ಇದ್ದರೂ ಕಾನೂನು ಕೈ ಹಾಕಬಾರದು, ಮೂರನೆಯದನ್ನು ಮುಟ್ಟಿದಾಗ ಮಾತ್ರ ಹಾಕಬಹುದು. ಇಷ್ಟು ಸರಳವಾಗಿ ಇದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಆದರೆ ತೀರ್ಪು ದಿಲ್ಲಿಯಿಂದ ಹೊರಟು ಠಾಣೆಗಳಿಗೆ ತಲುಪಲು ನಮ್ಮೂರ ಕೊನೆಯ ಬಸ್ಸಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಸತ್ತ ಸೆಕ್ಷನ್ನಿನಡಿ ಕೇಸು ಹಾಕುತ್ತಲೇ ಇದ್ದಾರೆಂದು 2021ರಲ್ಲಿ ಕೇಳಿ ಸುಪ್ರೀಂ ಕೋರ್ಟೇ ದಂಗಾಯಿತು. 2022ರ ಅಕ್ಟೋಬರ್‌ನಲ್ಲಿ ‘ಇನ್ನು ಹಾಕಕೂಡದು’ ಎಂದು ಮತ್ತೆ ಆದೇಶಿಸಬೇಕಾಯಿತು. ಕೋಲ್ಕತ್ತದ ಪ್ರಾಧ್ಯಾಪಕರಿಗೆ ಬಿಡುಗಡೆ ಸಿಕ್ಕಿದ್ದು 2023ರ ಜನವರಿಯಲ್ಲಿ. ಒಂದು ತಮಾಷೆಗೆ ಹತ್ತು ವರ್ಷ ಮೇಲ್ಪಟ್ಟ ಕೋರ್ಟು. ನಗು ಇಷ್ಟು ತುಟ್ಟಿಯಾದರೆ ನನ್ನಂಥ ಪ್ರಬಂಧಕಾರರು ಬದುಕುವುದು ಹೇಗೆ?

ಈಗ ನನ್ನ ಅಧಿಕಾರದ ವಿಷಯ. ಜೀವನದಲ್ಲಿ ನನಗೆ ಚುನಾವಣೆಯಿಲ್ಲದೆ ಸಿಕ್ಕ ಪದವಿ ಒಂದೇ. ‘ನಮ್ಮನೆ’ ಎಂಬ ಕುಟುಂಬದ ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್. ಅಣ್ಣನ ಮಗ ಗುಂಪು ಕಟ್ಟಿ, ಅಮೆರಿಕಕ್ಕೆ ಹೊರಡುವ ದಿನ, ತೋಟದ ಮೋಟಾರು ಯಾವಾಗ ಹಾಕಬೇಕು ಎಂದು ಹೇಳಿದಷ್ಟೇ ಸಲೀಸಾಗಿ ಅದನ್ನು ನನಗೆ ವಹಿಸಿಹೋದ. ಮೊದಮೊದಲು ಹೆಮ್ಮೆಯಾಗಿತ್ತು. 2018ರ ಜುಲೈಯಲ್ಲಿ ಹೆಮ್ಮೆ ಇಳಿಯಿತು.

ಆ ಬೇಸಿಗೆಯಿಂದಲೇ ಒಂದು ವಿಡಿಯೊ ಎಲ್ಲೆಡೆ ಸುತ್ತುತ್ತಿತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ ಪ್ರಚಾರ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸು ಬಿಟ್ಟು ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ನಮ್ಮ ಗುಂಪಿಗೂ ಅದು ಬಂದಿತ್ತು, ‘ನಮ್ಮ ಜಿಲ್ಲೆಗೂ ಬಂದಿದ್ದಾರಂತೆ, ಎಚ್ಚರ’ ಎಂಬ ಒಕ್ಕಣೆ ಮತ್ತು ಮೂರು ಜೋಡಿ ಮುಗಿದ ಕೈಗಳೊಂದಿಗೆ. ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ಮಕ್ಕಳ ಕಳ್ಳನೆಂದು ಬಡಿದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯ ಬಳಿ, ಹೈದರಾಬಾದಿನಿಂದ ಬಂದಿದ್ದವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಯಿತು. ಅವರ ಕಾರು ಹೊರಟರೆ ಸುದ್ದಿ ಕಾರಿಗಿಂತ ಮುಂದೆ ಹೋಗಿ ಮುರ್ಕಿಯಲ್ಲಿ ದಾರಿಗೆ ಅಡ್ಡ ನಿಂತಿತ್ತು. ಒಬ್ಬ ಎಂಜಿನಿಯರ್ ಪ್ರಾಣ ಬಿಟ್ಟ. ಬಂಧಿತರಲ್ಲಿ ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್ ಒಬ್ಬನೂ ಇದ್ದ.

ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಾಟ್ಸ್ಆ್ಯಪ್ ಕಂಪನಿ ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಎಂದು ಮಿತಿ ಹಾಕಿತು. ಎಸ್ಸೆಮ್ಮೆಸ್ಸಿನ ಕಾಲದಿಂದಲೂ ನಮ್ಮ ಬಾಯಿಗೆ ಐದೇ ಏಕೆ ಲೆಕ್ಕವೋ ಕಾಣೆ. ಅಡ್ಮಿನ್‌ಗಳ ಪಾಲಿಗೆ ಸಮಾಧಾನ ಬಂದದ್ದು ಕೋರ್ಟಿನಿಂದ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟು, ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದವು. ಜನರನ್ನು ಸೇರಿಸುವುದು, ತೆಗೆಯುವುದು, ಅಡ್ಮಿನ್ನನ ಹೆಚ್ಚುಗಾರಿಕೆ ಇಷ್ಟೇ ಎಂಬರ್ಥದಲ್ಲಿ ನ್ಯಾಯಾಲಯ ನನ್ನ ಅಧಿಕಾರವನ್ನು ಅಳೆದು ಕೊಟ್ಟಿತು. ನನ್ನ ಹೆಂಡತಿ ಇದನ್ನು ಮೊದಲೇ ಹೇಳಿದ್ದಳು, ಹೈಕೋರ್ಟಿನ ಅಗತ್ಯವಿಲ್ಲದೆ.

ಕತ್ತರಿ ಹಿಡಿದ ಸಂಪಾದಕನ ಜಾಗಕ್ಕೆ ಈಗ ಯಂತ್ರ ಬಂದಿದೆ. ಮಳೆಗಾಲದ ಮುಂಚೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸದಿದ್ದರೆ ಅಡಿಕೆಗೆ ಕೊಳೆ ಬರುತ್ತದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರು ನೀರು. ಮೈಲುತುತ್ತ ಕಡಿಮೆ ಬಿತ್ತು. ಇದ್ದಷ್ಟರ ಫೋಟೊ ತೆಗೆದು ‘ಇಂಥದು ಯಾರಲ್ಲಾದರೂ ಎರಡು ಕೆಜಿ ಇದ್ದರೆ ಕೊಡಿ, ದುಡ್ಡು ಕೊಡುತ್ತೇನೆ’ ಎಂದು ಒಂದು ಜಾಲತಾಣದಲ್ಲಿ ಹಾಕಿದೆ. ನಿಷೇಧಿತ ವಸ್ತುಗಳ ವ್ಯಾಪಾರವೆಂದು ಕಿತ್ತು ಹಾಕಿ, ನನಗೆ ವಾರದ ಮೌನ ವಿಧಿಸಿದರು. ನೀಲಿ ಹರಳಿನ ಪೊಟ್ಟಣ ನೋಡಿ ಯಂತ್ರಕ್ಕೆ ಏನು ತೋಚಿತೋ. ಮರುಪರಿಶೀಲನೆಗೆ ಒತ್ತುವ ಗುಂಡಿ ಇತ್ತು, ಒತ್ತಿದೆ. ‘ಪರಿಶೀಲಿಸಿದೆವು, ನಿರ್ಧಾರ ಬದಲಾಗದು’ ಎಂದು ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಹದಿನೈದು ಪೈಸೆಯ ಸಂಪಾದಕರೂ ನನ್ನನ್ನು ಇಷ್ಟು ಬೇಗ ತಿರಸ್ಕರಿಸಿರಲಿಲ್ಲ.

ಅದೇ ವಾರ ಅಣ್ಣನ ಮಗಳು ಒಂದು ಸಿನಿಮಾ ಚೆನ್ನಾಗಿಲ್ಲ ಎಂದು ನಾಲ್ಕು ಸಾಲು ಬರೆದಳು. ಚೆನ್ನಾಗಿಲ್ಲ ಎಂದದ್ದು ನಾಯಕನ ನಟನೆ. ಅದರಡಿ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವಳ ಶರೀರ, ಅವಳ ಅಮ್ಮ, ಅವಳ ಜಾತಿ ಯಾವುದನ್ನೂ ಬಿಟ್ಟಿರಲಿಲ್ಲ. ಬರೆದವರ ಹೆಸರುಗಳೆಲ್ಲ ಹುಲಿ, ಸಿಂಹ, ಅಭಿಮಾನಿ. ದೂರು ಕೊಟ್ಟರೆ ‘ನಿಯಮ ಉಲ್ಲಂಘನೆ ಕಂಡುಬಂದಿಲ್ಲ’. ಮೈಲುತುತ್ತವನ್ನು ಗುರುತಿಸುವ ಯಂತ್ರಕ್ಕೆ ಕನ್ನಡದ ಹೊಲಸು ಗುರುತಾಗುವುದಿಲ್ಲ. ನಮ್ಮ ಮೂಗರ್ಜಿಯವನಿಗೆ ಊರು ಒಂದು ಎಲೆ ಹಾಕಿ ಎದುರು ಕೂರಿಸಿತ್ತು. ಈ ಹುಲಿ ಸಿಂಹಗಳನ್ನು ಯಾವ ಪಂಕ್ತಿಯಲ್ಲಿ ಕೂರಿಸುವುದು? ಹುಡುಗಿ ಬರೆಯುವುದನ್ನೇ ನಿಲ್ಲಿಸಿದಳು. ಅವಳ ಬಾಯಿ ಮುಚ್ಚಿಸಿದ್ದು ಸರ್ಕಾರವೂ ಅಲ್ಲ, ಕಾನೂನೂ ಅಲ್ಲ. ಬೇರೆಯವರ ವಾಕ್ ಸ್ವಾತಂತ್ರ್ಯ.

ಸರ್ಕಾರಕ್ಕೂ ಕಂಪನಿಗಳಿಗೂ ಇರುವ ಜಗಳ ಬೆಂಗಳೂರಿನಲ್ಲೇ, ಕಬ್ಬನ್ ಪಾರ್ಕಿನ ಪಕ್ಕದ ಕೆಂಪು ಅಠಾರ ಕಚೇರಿಯಲ್ಲೇ ನಡೆಯಿತು. ಪೋಸ್ಟುಗಳನ್ನೂ ಖಾತೆಗಳನ್ನೂ ತಡೆಹಿಡಿಯುವ ಕೇಂದ್ರದ ಆದೇಶಗಳನ್ನು ಟ್ವಿಟರ್ ಕಂಪನಿ ಪ್ರಶ್ನಿಸಿತ್ತು. 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟು ಆ ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಅದೇ ಕಂಪನಿ ಎಕ್ಸ್ ಎಂಬ ಹೊಸ ಹೆಸರಿನಲ್ಲಿ, ಪೋಸ್ಟು ತೆಗೆಸಲು ಸರ್ಕಾರ ಮಾಡಿಕೊಂಡ ‘ಸಹಯೋಗ್’ ಪೋರ್ಟಲಿನ ವಿರುದ್ಧ ಮತ್ತೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಸೋತಿತು. 19ನೇ ವಿಧಿಯ ಹಕ್ಕು ನಾಗರಿಕರದ್ದು, ವಿದೇಶಿ ಕಂಪನಿಯದ್ದಲ್ಲ ಎಂದಿತು ನ್ಯಾಯಾಲಯ. ಕಂಪನಿಗಾಗಿ ನನ್ನ ಕಣ್ಣಲ್ಲಿ ನೀರೇನೂ ಬರಲಿಲ್ಲ. ಆದರೆ ತಡೆ ಆದೇಶಗಳ ಕುರಿತ 2009ರ ನಿಯಮಗಳಲ್ಲಿ, ದೂರನ್ನೂ ಅದರ ಮೇಲಿನ ಕ್ರಮವನ್ನೂ ಗೋಪ್ಯವಾಗಿಡಬೇಕು ಎಂಬ ಒಂದು ನಿಯಮವಿದೆ. ಹಕ್ಕು ನಾಗರಿಕನದ್ದಾದರೆ, ಅವನ ಮಾತು ಕಿತ್ತದ್ದೇಕೆ ಎಂದು ಅವನಿಗೇ ಹೇಳದಿರುವುದು ಯಾವ ನ್ಯಾಯ? ಕಂಪನಿ ಕಿತ್ತರೂ ಸರಿ, ಸರ್ಕಾರ ಕಿತ್ತರೂ ಸರಿ, ಒಂದು ವಿಷಾದ ಪತ್ರವಾದರೂ ಬೇಡವೇ? ಬೇಕಾದರೆ ಸ್ವವಿಳಾಸದ ಲಕೋಟೆ ನಾನೇ ಕಳಿಸುತ್ತೇನೆ.

ಇಷ್ಟು ಹೇಳಿದ ಮೇಲೆ, ಹಳೆಯ ಜಗುಲಿಯೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವುದು ನನ್ನ ವಯಸ್ಸಿನವರ ರೂಢಿ. ನಾನೂ ಬಿಡುತ್ತಿದ್ದೆ. ಅಜ್ಜನ ಮನೆಯ ಜಗುಲಿಯಲ್ಲಿ ಸಂಜೆ ಕವಳದ ಬಟ್ಟಲು ಸುತ್ತುತ್ತಿತ್ತು, ಮಾತು ಅದರ ಹಿಂದೆ ಸುತ್ತುತ್ತಿತ್ತು. ಯಾರ ಮಾತಾದರೂ ಹದ ಮೀರಿದರೆ ಅಜ್ಜ ಒಮ್ಮೆ ಕೆಮ್ಮಿದರೆ ಸಾಕು. ಆದರೆ ಯಾರು ಮಾತಾಡುತ್ತಿದ್ದರು? ಗಂಡಸರು, ಅದೂ ಮೇಲೆ ಕೂತವರು. ಅಂಗಳದ ಅಂಚಿನಲ್ಲಿ ಕೂತ ಆಳುಗಳದ್ದು ‘ಹೌದು ಒಡೇರೆ’ ಮಾತ್ರ. ಒಡೆಯರೆದುರು ಗೇಣಿದಾರರು ಬಾಯಿ ತೆರೆದದ್ದು 1951ರ ಏಪ್ರಿಲ್‌ನಲ್ಲಿ, ನಮ್ಮದೇ ತಾಲ್ಲೂಕಿನ ಕಾಗೋಡಿನಲ್ಲಿ, ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯ ಹಿಡಿದು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಅತ್ತ ದಿಲ್ಲಿಯಲ್ಲಿ ಅದೇ ಜೂನ್ 18ಕ್ಕೆ ಸಂವಿಧಾನದ ಮೊದಲ ತಿದ್ದುಪಡಿಯಾಗಿ ‘ಸಾರ್ವಜನಿಕ ಸುವ್ಯವಸ್ಥೆ’ಯೂ ಮಾತಿಗೆ ಒಂದು ಬೇಲಿಯಾಯಿತು. ಜನ ಬಾಯಿ ತೆರೆಯುವುದೂ ಬೇಲಿ ಹಾಕುವುದೂ ಮೂರೇ ತಿಂಗಳೊಳಗೆ ನಡೆದುಹೋದವು. ಅಜ್ಜನ ಕೆಮ್ಮಿಗೆ ಅಷ್ಟು ಶಕ್ತಿ ಇದ್ದದ್ದು ಅವನ ಮಾತಿನ ತೂಕದಿಂದಲ್ಲ, ತೋಟದ ಎಕರೆಗಳಿಂದ.

ಹೆಂಗಸರು ಬಾಗಿಲ ಒಳಗೆ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತ ಎಲ್ಲವನ್ನೂ ಕೇಳುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ಸೋದರತ್ತೆ. ಈಗ ಎಂಬತ್ತು ದಾಟಿದೆ. ಹೋದ ಮಳೆಗಾಲದಲ್ಲಿ ಮೊಮ್ಮಗ ಅವಳ ಫೋನಿನಲ್ಲಿ ಮಾತಾಡಿದ್ದು ಅಕ್ಷರವಾಗುವ ಸೌಲಭ್ಯ ತೋರಿಸಿಕೊಟ್ಟ. ಒಂದು ಬೆಳಗ್ಗೆ, ಭಾವ ಹಾಕಿದ ಗುಲಾಬಿ ಹೂವಿನ ಶುಭೋದಯದ ಕೆಳಗೆ, ‘ನಮ್ಮನೆ’ಗೆ ಅತ್ತೆಯ ಮೊದಲ ಸಂದೇಶ ಬಂತು:

‘ಅಪ್ಪಯ್ಯನ ತೋಟ ಹಿಸ್ಸೆ ಆದಾಗ ನನ್ನನ್ನು ಕರೆಸಿದ್ದು ಸಹಿಗೆ. ಏನು ಬರೆದಿದೆ ಅಂತ ಯಾರೂ ಓದಿ ಹೇಳಲಿಲ್ಲ. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟಿರಿ. ಹಾಲು ಉಕ್ತು ನೋಡೇ. ಆ ಸೀರೆ ನಾನು ಉಡಲಿಲ್ಲ.’

ಯಂತ್ರ ಬಲು ಪ್ರಾಮಾಣಿಕ, ಸೊಸೆಗೆ ಹೇಳಿದ್ದನ್ನೂ ಬಿಟ್ಟಿರಲಿಲ್ಲ. ಮಧ್ಯಾಹ್ನದವರೆಗೆ ಗುಂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಓದಿದ್ದು ಮಾತ್ರ ಎಲ್ಲರೂ. ಆಮೇಲೆ ದೊಡ್ಡಪ್ಪನ ಮಗ ಫೋನು ಮಾಡಿದ. ಪತ್ರಿಕಾ ಸ್ವಾತಂತ್ರ್ಯ ಸತ್ತಿತು, ದೇಶದಲ್ಲಿ ಯಾರೂ ಬಾಯಿ ಬಿಡುವಂತಿಲ್ಲ ಎಂದು ನಮ್ಮ ಗುಂಪಿನಲ್ಲಿ ದಿನವೂ ಅಳುವವನು ಅವನೇ.

‘ನೀನು ಅಡ್ಮಿನ್ ಹೌದೋ ಅಲ್ವೋ?’

‘ಹೌದು ಅಣ್ಣಯ್ಯ.’

‘ಅತ್ತೆದು ಡಿಲೀಟ್ ಮಾಡು ಮಾರಾಯ. ಎಲ್ಲರಿಗೂ ಕಿರಿಕಿರಿ ಆಗ್ತಾ ಇದೆ.’

ಸುಪ್ರೀಂ ಕೋರ್ಟು ಕಿತ್ತೆಸೆದ ಸೆಕ್ಷನ್ನು ಅಡಿಕೆ ತೋಟದ ನಡುವೆ ಇನ್ನೂ ಜಾರಿಯಲ್ಲಿದೆ! ನಾನೂ ಓದಿದ್ದನ್ನು ಬಿಡಲಿಲ್ಲ. ‘ಅಣ್ಣಯ್ಯ, ಅದು ಚರ್ಚೆ. ಹೆಚ್ಚೆಂದರೆ ಪ್ರತಿಪಾದನೆ. ಪ್ರಚೋದನೆ ಅಲ್ಲ’ ಎಂದೆ.

‘ನಿನ್ನ ಪಾಲಿನ ಎರಡೆಕರೆಯೂ ಅದೇ ಪತ್ರದಲ್ಲಿ ಬಂದದ್ದು, ನೆನಪಿಟ್ಕೋ’ ಎಂದು ಫೋನಿಟ್ಟ.

ಅದು ನಿಜ. ಆ ಹಕ್ಕು ಬಿಡುಗಡೆ ಪತ್ರದ ಫಲ ಉಣ್ಣುವವರಲ್ಲಿ ನಾನೂ ಒಬ್ಬ. ನಾನು ಮೈಲುತುತ್ತ ಹುಡುಕಿದ್ದು ಅದೇ ತೋಟಕ್ಕೆ. ಸಂಜೆಯೊಳಗೆ ಇನ್ನಿಬ್ಬರು ಕರೆ ಮಾಡಿದರು. ಇದು ಕುಟುಂಬದ ಗುಂಪು, ಇಲ್ಲಿ ಸಂತೋಷದ ವಿಷಯ ಮಾತ್ರ ಇರಲಿ ಎಂದರು. ಅಡ್ಮಿನ್‌ಗೆ ಮಾತ್ರ ಸಂದೇಶ ಕಳಿಸಲು ಬಿಡುವ ವ್ಯವಸ್ಥೆ ಇದೆಯಲ್ಲ, ಸ್ವಲ್ಪ ದಿನ ಅದನ್ನು ಹಾಕು ಎಂದ ಭಾವ. ಹಾಕಿದರೆ ಅವನ ಗುಲಾಬಿ ಹೂವೂ ನಿಲ್ಲುತ್ತದೆ ಎಂದೆ. ಅದಕ್ಕೆ ಅವನು ತಯಾರಿರಲಿಲ್ಲ.

ಅತ್ತೆಯ ಸಂದೇಶ ಹಾಗೇ ಇದೆ. ಅವಳೀಗ ನಸುಕಿನಲ್ಲೇ ಶುರು ಮಾಡುತ್ತಾಳೆ, ಕಂತು ಕಂತಾಗಿ. ಕೆಲವು ಕಂತುಗಳಲ್ಲಿ ನನ್ನ ಅಪ್ಪನೂ ಬರುತ್ತಾನೆ, ಒಳ್ಳೆಯ ಪಾತ್ರದಲ್ಲೇನೂ ಅಲ್ಲ. ಅವಳ ಪಾಲಿನ ಬಗ್ಗೆ ವಕೀಲರ ಹತ್ತಿರ ಮಾತು ನಡೆದಿದೆ. ಏನಾಗುತ್ತದೋ ಗೊತ್ತಿಲ್ಲ. ಅಣ್ಣನ ಮಗಳು ಮಾತ್ರ ಪ್ರತಿ ಕಂತಿಗೂ ಕೆಳಗೆ ‘ಮುಂದೆ?’ ಎಂದು ಕೇಳುತ್ತಾಳೆ. ಅವಳು ಈಗ ಬರೆಯುವುದು ಅಷ್ಟೇ.

ಇದನ್ನು ಓದುವವರಲ್ಲಿ ಅಡ್ಮಿನ್‌ಗಳು ಇದ್ದೇ ಇರುತ್ತೀರಿ. ನಿಮ್ಮಲ್ಲಿ ಒಂದು ವಿನಂತಿ. ಮಕ್ಕಳ ಕಳ್ಳರ ವಿಡಿಯೊ ಬಂದರೆ ಹಾಕಿದವರು ಮಾವನಾದರೂ ಸರಿ, ಕೇಳದೆ ಅಳಿಸಿ. ಯಾರಾದರೂ ಅತ್ತೆ ಹಳೆಯ ಹಿಸ್ಸೆಯ ಮಾತೆತ್ತಿದರೆ, ಎಷ್ಟು ಫೋನು ಬಂದರೂ, ಹಾಲು ಉಕ್ಕಿದ್ದೂ ಸೇರಿ, ಇದ್ದಹಾಗೇ ಬಿಡಿ.